ತಣ್ಣೀರ ಚೊಂಬು

"ಕೈ ಅದ್ದೇ ಮುಂಡೆ! ನೀನೇನ್ ಅರಮನೇಲಿ ಹುಟ್ಟಿದ್ಯೇನೇ?"

ಕೃಷ್ಣಪ್ಪ ಬೈರಮ್ಮನ ಬೆನ್ನ ಹಿಂದೆಯೇ ನಿಂತಿದ್ದ. ರಾಮನಗರದ ಆ ನೂಲು ತೆಗೆಯುವ ಶೆಡ್ಡಿನಲ್ಲಿ ಒಲೆಯೂ ಅವನದು, ಮಾತೂ ಅವನದು. ಕುದಿಯುವ ಬಾಣಲೆಯಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಬೈರಮ್ಮ ಬೆರಳು ಅದ್ದಿ ಎಳೆಯ ತುದಿ ಹಿಡಿದು, ಪಕ್ಕದ ತಣ್ಣೀರ ಚೊಂಬಿನಲ್ಲಿ ಕೈ ಮುಳುಗಿಸಿ, ಉಸಿರು ಬಿಟ್ಟು ಮತ್ತೆ ಅದ್ದಿದಳು. ಬಾಣಲೆಗಳ ಮುಂದೆ ಸಾಲಾಗಿ ಕೂತ ಹೆಂಗಸರೆಲ್ಲ ಬದುಕಿದ್ದದ್ದೇ ತಂತಮ್ಮ ಚೊಂಬಿನ ದಯೆಯಿಂದ.

"ಮಾತೆತ್ತಿದ್ರೆ ಚೊಂಬಿಗ್ ಕೈ ಹಾಕ್ತೀಯ. ಎಳೆ ಯಾವಾಗ್ ತೆಗೀತೀಯ? ನಾಳೆಯಿಂದ ನಿನ್ ಮಗಳ್ನ ತಂದು ಕೂರ್ಸು. ಅವಳ್ಗೆ ಚೊಂಬೇ ಬ್ಯಾಡ್ವಲ್ಲ!"

ಬೈರಮ್ಮನ ಬೆರಳಿನಿಂದ ಎಳೆ ಜಾರಿತು. ತಪ್ಪು ತನ್ನದೇ. ಬೆಂಗಳೂರಿನ ಆಸ್ಪತ್ರೆಗೆ ಹೋಗಲು ರಜ ಕೇಳಿದಾಗ, ಡಾಕ್ಟರು ಹೇಳಿದ್ದನ್ನೆಲ್ಲ ಇವನ ಮುಂದೆ ಒದರಿಬಿಟ್ಟಿದ್ದಳು. ಹುಟ್ಟುತ್ತಲೇ ಬಂದ ಕಾಯಿಲೆಯಂತೆ, ಲಕ್ಷಕ್ಕೊಬ್ಬರಿಗೂ ಇರುವುದಿಲ್ಲವಂತೆ, ಮಗಳಿಗೆ ನೋವೆಂಬುದೇ ತಿಳಿಯುವುದಿಲ್ಲವಂತೆ. "ನೋವಿಲ್ಲ ಅಂದ್ರೆ ಗಾಯ ಆಗಲ್ಲ ಅಂತಲ್ಲಮ್ಮ, ದಿನಾ ನೀವೇ ಮೈಯೆಲ್ಲ ನೋಡಬೇಕು" ಎಂದಿದ್ದರು ಡಾಕ್ಟರು. ಕೃಷ್ಣಪ್ಪನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

ಹದಿನಾಲ್ಕು ವರ್ಷದಿಂದ ಅವಳು ನೋಡುತ್ತಲೇ ಬಂದಿದ್ದಳು. ಸಂಜೆ ಶೆಡ್ಡಿನ ಹಿಂದೆ ಕೃಷ್ಣಪ್ಪ ಕೊಟ್ಟಿದ್ದ ಕೋಣೆಗೆ ಬಂದರೆ ಮೊದಲು ಮಗಳು ಚಿಕ್ಕತಾಯಿಯ ಅಂಗಾಲು, ಆಮೇಲೆ ಬೆರಳ ಸಂದಿ, ಆಮೇಲೆ ನಾಲಿಗೆ. ಹಲ್ಲು ಬಂದ ವರ್ಷ ಕೂಸು ನಗುನಗುತ್ತಲೇ ತನ್ನ ನಾಲಿಗೆಯ ತುದಿ ಕಚ್ಚಿಕೊಂಡು ತುಂಡು ಮಾಡಿತ್ತು. ಇನ್ನೊಂದು ಸಲ, ಬೈರಮ್ಮ ಜ್ವರ ಬಂದು ಮಲಗಿದ್ದಾಗ, ಚಪ್ಪಲಿಯ ಮೊಳೆ ಅಂಗಾಲಿಗೆ ನಾಟಿ ಮೂರು ದಿನ ಹಾಗೇ ಓಡಾಡಿದ್ದಳು. ಕೀವು ನಾರಿದ ಮೇಲೇ ತಿಳಿದದ್ದು. ಮಕ್ಕಳು ಅತ್ತರೆ ಉಳಿದ ತಾಯಂದಿರಿಗೆ ಗಾಬರಿ; ಇವಳಿಗೆ ಮಗಳು ಒಂದು ಸಲವಾದರೂ ಅಳಬಾರದೇ ಎಂಬ ಆಸೆ.

"ಅವ್ವಾ, ನಾನೂ ಬತ್ತೀನಿ ಕಣವ್ವ ಕೆಲ್ಸಕ್ಕೆ. ನಿನ್ ಕೈ ನೋಡು ಹೆಂಗ್ ಬೆಂದೈತೆ. ನಂಗೇನೂ ಆಗಕಿಲ್ಲ" ಎಂದಳು ಚಿಕ್ಕತಾಯಿ ಆ ಸಂಜೆ.

"ಬಾಯ್ ಮುಚ್ಕೊ. ಆಗೋದು ನಿಂಗ್ ತಿಳಿಯಾಕಿಲ್ಲ, ಅಷ್ಟೆಯ."

ಬೆಳಿಗ್ಗೆ ಬೈರಮ್ಮ ಒಬ್ಬಳೇ ಹೋಗಿ ಕೃಷ್ಣಪ್ಪನ ಕಾಲು ಹಿಡಿದಳು. "ಅದೊಂದ್ ಬುಟ್ಟು ಬ್ಯಾರೆ ಏನಾರ ಹೇಳಿ ಸಾವ್ಕಾರ್ರೇ."

"ಹಂಗಾರೆ ಸಂಜೆಗೆ ರೂಮ್ ಖಾಲಿ ಮಾಡು. ನಿಮ್ ಹಟ್ಟಿಗೇ ಹೋಗು. ಪಿಶಾಚಿ ಕೂಸು ಅಂತ ಓಡ್ಸಿದ್ರಲ್ಲ, ಈಗ ಆರ್ತಿ ಎತ್ತಿ ಕರ್ಕೋತಾರೆ!"

ಅವಳು ಹೋಗಿ ಬಾಣಲೆಯ ಮುಂದೆ ಕೂತಳು. ಹಿಡಿದ ಎಳೆಗಳೆಲ್ಲ ತುಂಡಾಗುತ್ತಿದ್ದವು.

ಮಧ್ಯಾಹ್ನ ಅವಳು ಹಿತ್ತಲಿಗೆ ಹೋಗಿ ಗೂಡು ತುಂಬಿದ ಗೋಣಿಚೀಲ ಹೊತ್ತು ಬರುವಷ್ಟರಲ್ಲಿ ಚಿಕ್ಕತಾಯಿ ಮುದ್ದೆಯ ಬುತ್ತಿ ತಂದಿದ್ದಳು. ಕೃಷ್ಣಪ್ಪನ ಜೊತೆ ಯಾರೋ ರೇಷ್ಮೆ ವ್ಯಾಪಾರಿ ನಿಂತಿದ್ದ. "ಚಪ್ಲಿ ಆಚೆ ಬುಟ್ಟು ಬಾರವ್ವ" ಎಂದು ಕೃಷ್ಣಪ್ಪ ಹುಡುಗಿಯನ್ನು ಬೆಣ್ಣೆಯಂಥ ದನಿಯಲ್ಲಿ ಕರೆದ. "ಸೇಟು, ಒಸಿ ನೋಡಿ ಈ ತಮಾಷೆಯ. ಬಾಣಲೇಗ್ ಕೈ ಹಾಕವ್ವ."

ಚಿಕ್ಕತಾಯಿಯನ್ನು ಯಾರಾದರೂ ಅಷ್ಟು ಪ್ರೀತಿಯಿಂದ ಕರೆದದ್ದೇ ಅಪರೂಪ. ಅವಳು ಅವ್ವನ ಬಾಣಲೆಗೆ ಮಣಿಕಟ್ಟಿನವರೆಗೂ ಕೈ ಇಳಿಸಿ, ಸೇಟನ ಮುಖ ನೋಡಿ ನಕ್ಕಳು.

"ಅರೆರೆ! ಜಾದೂ!" ಸೇಟ ಚಪ್ಪಾಳೆ ತಟ್ಟಿದ.

ಬೈರಮ್ಮ ಓಡಿ ಬಂದು, ಚೀಲ ಕೆಡವಿ, ಕುದಿನೀರಿಗೇ ಕೈ ಹಾಕಿ ಮಗಳ ಕೈ ಎಳೆದಳು. ಚೀರಿದವಳು ಅವ್ವ. ಮಗಳ ಕೈ ಕೆಂಪಾಗಿ, ಹಸ್ತದ ಮೇಲೆ ತೊಗಲು ಸುಕ್ಕಾಗಿ ಜಾರಿತ್ತು.

"ಏನೂ ಆಗಿಲ್ಲ ಬುಡೇ" ಎಂದ ಕೃಷ್ಣಪ್ಪ. "ಇನ್ನೊಂದ್ ಸಲ ಹಾಕವ್ವ, ಸೇಟು ನೋಡ್ಲಿ."

"ನಿನ್ ಮನೆ ಹಾಳಾಗ! ನೀನ್ ಹಾಕ್ಲಾ ಕೈಯ!"

ಬೈರಮ್ಮ ಬಿದ್ದಿದ್ದ ಗೋಣಿಚೀಲವನ್ನು ಎತ್ತಿ ಬಾಣಲೆಯ ಕಂಠಕ್ಕೆ ಒತ್ತಿ ಎರಡೂ ಕೈಯಲ್ಲಿ ನೂಕಿಬಿಟ್ಟಳು. ಕುದಿನೀರು, ಗೂಡು, ಬೆಂದ ಹುಳು ಎಲ್ಲ ನೆಲದ ಮೇಲೆ ಹರಿದವು. ಕೃಷ್ಣಪ್ಪ ಕುಣಿದಾಡಿ ಅರಚಿದ. ಸೇಟ ಬಾಗಿಲು ದಾಟಿಯಾಗಿತ್ತು. ಬೈರಮ್ಮನಿಗೆ ಒಂದು ಗಳಿಗೆ ಹೊಟ್ಟೆ ತಣ್ಣಗಾಯಿತು.

"ಬೈರಮ್ಮಾ! ಹುಡ್ಗಿ ಕಾಲು!" ಪಕ್ಕದ ಬಾಣಲೆಯ ವಜೀರಾ ಕಿರುಚಿದಳು.

ಚಿಕ್ಕತಾಯಿ ಹಬೆಯಾಡುವ ನೀರಿನ ನಡುವೆ ಬರಿಗಾಲಲ್ಲಿ ನಿಂತಿದ್ದಳು.

ಬೈರಮ್ಮ ಮಗಳನ್ನು ಬಾಚಿ ಸೊಂಟಕ್ಕೆತ್ತಿಕೊಂಡು ಬಾಗಿಲಾಚೆ ಹಾರಿದಳು. ವಜೀರಾ ತನ್ನ ಚೊಂಬು ಹಿಡಿದು ಹಿಂದೆಯೇ ಬಂದು ಪಾದದ ಮೇಲೆ ಸುರಿದಳು. ಒಲೆ, ಬಾಣಲೆ, ಎಳೆ ಎಲ್ಲ ಬಿಟ್ಟು ಸಾಲಿನ ಹೆಂಗಸರೂ ಚೊಂಬು ಎತ್ತಿಕೊಂಡು ಬಂದರು. "ನೀರು! ನಂಗ್ ನೀರು ಹಾಕ್ರೇ, ಬೋಳಿ ಮುಂಡೇರಾ!" ಎಂದು ಒಳಗೆ ಕೃಷ್ಣಪ್ಪ ಬಡಿದುಕೊಳ್ಳುತ್ತಿದ್ದ. ಅವನ ಕಾಲಿಗೆ ಒಬ್ಬಳೂ ಒಂದು ಹನಿ ಹಾಕಲಿಲ್ಲ.

"ಅವ್ವಾ" ಎಂದಳು ಚಿಕ್ಕತಾಯಿ, ಸೊಂಟದ ಮೇಲಿಂದ ಒಳಗೆ ಇಣುಕುತ್ತ. "ಸಾವ್ಕಾರ್ರು ಯಾಕವ್ವ ಅಂಗ್ ಅರಚ್ತಾವ್ರೆ?"

ಬೈರಮ್ಮ ಮಗಳ ಪಾದವನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು. ಅದನ್ನು ತಿರುಗಿಸಿ ಅಂಗಾಲು ನೋಡಲು ಅವಳಿಗೆ ಧೈರ್ಯ ಬರಲಿಲ್ಲ.