ಹೊದಿಕೆಯೊಳಗಿನ ಭುಜ

ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದರ್ಬಾರು ನಡೆಸಿದವಳು ನಾನು. ಈ ಥೂರಾಳ ಬಾಯಿಗೆ ಹೆದರದವರು ಅಲ್ಲಿ ಯಾರೂ ಇರಲಿಲ್ಲ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲಿನ ಜೊತೆ ಆ ಬಾಯಿಯೂ ಬಿದ್ದುಹೋಯಿತು. ಉಳಿದದ್ದು ಒಂದೇ ಮಾತು: ಹೌದು. ಬೇಕೆಂದರೂ ಹೌದು, ಬೇಡವೆಂದರೂ ಹೌದು. ಹಾಳಾದ ತಲೆಯೂ ಮೇಲೆ ಕೆಳಗೇ ಆಡುತ್ತದೆ.

ಓಡೆನ್ಸೆ ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಫಿಸಿಯೋಥೆರಪಿಸ್ಟ್ ಸಿಗ್ನೆ ಶುಕ್ರವಾರ ನನ್ನನ್ನು ಬಲಮಗ್ಗುಲಿಗೆ ಮಲಗಿಸಿದಳು. ಮೈಯಡಿ ಸಿಕ್ಕ ಭುಜವನ್ನು ಮುಂದಕ್ಕೆ ಎಳೆದು ಬಿಡಬೇಕು. ಮೈಭಾರ ಕೀಲಿನ ಮೇಲೆ ಬೀಳಬಾರದು. ಬಿದ್ದರೆ ಸಡಿಲವಾದ ಕೀಲು ಕೆಟ್ಟು, ಆ ಕೈ ಮತ್ತೆ ಏಳುವ ಆಸೆಯನ್ನೇ ಬಿಡಬೇಕು. ಯಾರು ಬಂದರೂ ನೋಡಿ ಹಾಗೇ ಮಲಗಿಸಲಿ ಎಂದು ಫೋಟೋ ತೆಗೆದು ತಲೆಯ ಬಳಿ ಗೋಡೆಗೆ ಅಂಟಿಸುವುದು ಇಲ್ಲಿಯ ರೂಢಿ. ಅವಳು ಫೋನ್ ಎತ್ತುವಾಗ ನನ್ನ ಅಂಗಿ ಜಾರಿತ್ತು. ನಾಚಿಕೆಯಾಗಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ. ಸಿಗ್ನೆ ನಕ್ಕು, ಭುಜ ಮುಚ್ಚಿದ್ದ ಹಾಗೆಯೇ ಫೋಟೋ ತೆಗೆದಳು.

ಭಾನುವಾರ ಬದಲಿ ನರ್ಸಾಗಿ ಬಂದವನು ಪಲ್ಲೆ. ಒಳ್ಳೆಯ ಹುಡುಗನೇ, ಆದರೆ ಬಾಯಿ ನಿಲ್ಲದು. ಫೋಟೋ ನೋಡಿದ, ನನ್ನನ್ನು ಹೊರಳಿಸಿದ, ಬೆನ್ನಿಗೆ ದಿಂಬು ಒತ್ತಿದ, ಗಲ್ಲದವರೆಗೆ ಹೊದಿಸಿದ.

“ನೋಡಿ, ಫೋಟೋದಲ್ಲಿರೋ ಹಾಗೇ! ಆರಾಮಾ?”

ಭುಜ ನನ್ನ ಅಡಿಯಲ್ಲೇ ಸಿಕ್ಕಿಕೊಂಡಿತ್ತು. ಸತ್ತ ಕೈಯೆಂದುಕೊಂಡಿದ್ದೆ; ನೋವು ಮಾತ್ರ ಜೀವಂತವಾಗಿತ್ತು.

“ಹೌದು,” ಅಂದೆ.

ಮತ್ತೆ ಹೊರಳಿಸುವುದು ಎರಡು ಗಂಟೆ ಬಿಟ್ಟು. ಕರೆಗಂಟೆ ಒತ್ತಿದೆ. ಓಡಿ ಬಂದ.

“ಕಾಫಿ ಬೇಕಾ?”

“ಹೌದು.”

ಕಾಫಿ ಬಂತು. ಮತ್ತೆ ಒತ್ತಿದೆ.

“ಕಿಟಕಿ ಮುಚ್ಲಾ?”

“ಹೌದು.”

“ಅಬ್ಬಾ, ನಿಮ್ಮಷ್ಟು ಸುಲಭದ ಪೇಷೆಂಟ್ ನಾ ಕಂಡಿಲ್ಲ ಥೂರಾ!”

ಸುಲಭದವಳಂತೆ! ಮೈಯೆಲ್ಲ ಉರಿಯಿತು. ಕೂಗಿ ಅಳಬೇಕೆನಿಸಿತು. ಅವನು ಹೊರಡುವ ಮೊದಲೇ ಎಡಗೈಯಿಂದ ಅವನ ಬಲಭುಜ ಹಿಡಿದು, ಇದ್ದ ಶಕ್ತಿಯನ್ನೆಲ್ಲ ಹಾಕಿ ನನ್ನತ್ತ ಎಳೆದೆ. ಬಿಡಲಿಲ್ಲ.

“ಅಯ್ಯೋ, ಏನ್ರೀ ಇದು! ಬಿಡ್ರೀ, ನೋಯ್ತಿದೆ... ಭುಜ? ನಿಮ್ಮ ಭುಜಾನಾ?”

ಹೊದಿಕೆ ಸರಿಸಿದ. ಅವನ ಮುಖ ಬಿಳುಚಿತು. ಭುಜದಡಿ ಅಂಗೈ ತೂರಿಸಿ ಮೆಲ್ಲಗೆ ಮುಂದಕ್ಕೆ ತಂದ. ನೋವು ಇಳಿಯುತ್ತಾ ಬಂತು.

“ಇಷ್ಟೊತ್ತೂ ನೋಯ್ತಿತ್ತಾ?”

“ಹೌದು.”

“ಮತ್ತೆ ಆರಾಮ ಅಂದ್ರಲ್ಲ! ಏನು ಕೇಳಿದ್ರೂ ಹೌದು ಅಂತೀರಾ?”

“ಹೌದು.”

ಪಲ್ಲೆ ಹಾಸಿಗೆಯ ಅಂಚಿನಲ್ಲಿ ಕುಸಿದು ಕುಳಿತ. ಕಣ್ಣಲ್ಲಿ ನೀರಿತ್ತು. ಪಾಪ ಅನಿಸಿತು. ಆಮೇಲೆ ಬಗ್ಗಿ ಕೇಳಿದ:

“ಈಗ ನಿಜವಾಗ್ಲೂ ಆರಾಮಾ?”

ನಿಜವಾಗಿಯೂ ಆರಾಮವಾಗಿತ್ತು. ಭುಜ ಇರಬೇಕಾದ ಜಾಗದಲ್ಲೇ ಇತ್ತು.

“ಹೌದು,” ಅಂದೆ.

ಅವನು ನಂಬಲಿಲ್ಲ. ಮತ್ತೆ ಭುಜದಡಿಗೆ ಕೈ ಹಾಕಿದ.