ಕೋಟಿನ ಮೇಲಿನ ಎರಡಕ್ಷರ

ಕಾಲ್ಡರ್‌ಥಾರ್ಪ್ ರಗ್ಬಿ ಕ್ಲಬ್ಬಿನಲ್ಲಿ ಕೋಚ್ ಬದಲಾಗುತ್ತಿದ್ದ, ಕೋಟು ಬದಲಾಗುತ್ತಿರಲಿಲ್ಲ. ಹೊಸದು ಕೊಳ್ಳುವ ಯೋಗ್ಯತೆ ಇಲ್ಲದ ಕ್ಲಬ್ಬು ಅದು. ಒಬ್ಬನನ್ನು ಮನೆಗೆ ಕಳಿಸಿದಾಗ ಕೋಟಿನ ಎದೆಯ ಮೇಲಿದ್ದ ಅವನ ಹೆಸರಿನ ಎರಡಕ್ಷರ ಬಿಚ್ಚಿ, ಹೊಸಬನದನ್ನು ಹೊಲಿಯುವುದು ಬಟ್ಟೆ ಒಗೆಯುವ ಮೇವಿಸ್ ಹೋಲ್ರಾಯ್ಡಳ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂಬತ್ತು ಮಂದಿಯನ್ನು ಹಾಗೆ ಬಿಚ್ಚಿಹಾಕಿದ್ದಳು. ಹತ್ತನೆಯವನು ಅವಳ ತಮ್ಮ ಕೀತ್.

ತಾಯಿ ಸತ್ತ ಮೇಲೆ ಅವಳೇ ಸಾಕಿದ ತಮ್ಮ. ಇದೇ ಕ್ಲಬ್ಬಿಗೆ ಹನ್ನೊಂದು ವರ್ಷ ಆಡಿ ಮೂರು ಸಲ ಮೂಗು ಮುರಿಸಿಕೊಂಡವನು. ಕೋಚ್ ಆದ ಮೊದಲ ವರ್ಷ ಊರೇ ಅವನನ್ನು ಹೊತ್ತು ಮೆರೆಸಿತು. ಈ ವರ್ಷ ಸಾಲಾಗಿ ಏಳು ಸೋಲು. ಬ್ರೆಡ್ಡಿನಂಗಡಿಯಲ್ಲಿ ಮೇವಿಸ್‌ಳನ್ನು ಕಂಡರೆ ಅದೇ ಊರು ಮಾತು ನಿಲ್ಲಿಸುತ್ತಿತ್ತು.

ಗುರುವಾರ ಒಗೆಯುವ ಬುಟ್ಟಿಯಲ್ಲಿ ಕೋಟು ಬಂತು. ಜೇಬಿಗೆ ಪಿನ್ನಿನಿಂದ ಒಂದು ಚೀಟಿ ಸಿಕ್ಕಿಸಿದ್ದರು, ಅಧ್ಯಕ್ಷ ಲಂಬ್‌ನ ಕೈಬರಹ: ‘ಡಿ.ಟಿ. ಸೋಮವಾರದೊಳಗೆ.’ ಹೊಸಬನ ಎರಡಕ್ಷರ. ಒಂಬತ್ತು ಸಲದ ರೂಢಿಯ ಮೇಲೆ ಕಳಿಸಿಬಿಟ್ಟಿದ್ದ ಮಹಾರಾಯ. ಕೋಟು ಯಾರ ಅಕ್ಕನ ಕೈಗೆ ಹೋಗುತ್ತದೆಂದು ಹೊಳೆದಿರಲಿಲ್ಲ. ಹೊಳೆದಾಗ ಏದುಸಿರು ಬಿಡುತ್ತ ಓಡಿಬಂದ. ಭಾನುವಾರದ ಪಂದ್ಯ ಮುಗಿಯುವವರೆಗೆ ಬಾಯಿ ಬಿಡಬೇಡ, ಹುಡುಗರಿಗೆ ಗೊತ್ತಾದರೆ ಕೈಚೆಲ್ಲಿ ಕೂರುತ್ತಾರೆ ಎಂದು ಬೇಡಿಕೊಂಡ. ಮೇವಿಸ್ ಹೂಂ ಅಂದಳು. ತಮ್ಮನಿಗೆ ಕೊನೆಗೊಂದು ಗೆಲುವಾದರೂ ಸಿಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜವೆಂದರೆ, ಅವನ ಮುಖ ನೋಡಿ ಹೇಳಲು ಅವಳಿಗೆ ಹೆದರಿಕೆ. ಕೆಲಸ ಕೆಲಸವೇ ಎಂದು ಅಂದೇ ತಮ್ಮನ ಕೆ.ಹೆಚ್. ಬಿಚ್ಚಿಹಾಕಿದಳು.

ಶುಕ್ರವಾರ ಕೀತ್ ಎಂದಿನಂತೆ ಅವಳ ಮನೆಗೆ ಕರಿದ ಮೀನು ತಿನ್ನಲು ಬಂದ.

“ಅಕ್ಕಾ, ನನ್ನ ಕೋಟು ಕಾಣ್ತಿಲ್ವಲ್ಲ?”

“ಒಗೆಯೋಕೆ ಹಾಕಿದೀನಿ ಕಣೋ. ಕೆಸರು ಬಿಡ್ತಾನೇ ಇಲ್ಲ.”

ಅವನು ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಆಲೂಗಡ್ಡೆಗೆ ವಿನೆಗರ್ ಸುರಿದುಕೊಂಡ.

ಭಾನುವಾರ ಹಳೆಯ ಮಳೆಯಂಗಿ ತೊಟ್ಟು ಮೈದಾನದ ಅಂಚಿನಲ್ಲಿ ನಿಂತ. ಇನ್ನು ಮೂರೇ ನಿಮಿಷ, ತಂಡ ನಾಲ್ಕಂಕ ಹಿಂದೆ. ಅಷ್ಟರಲ್ಲಿ, ಇಡೀ ವರ್ಷ ಒಂದಂಕವನ್ನೂ ಗಳಿಸದ ಬೋಳುತಲೆಯ ದಡಿಯನೊಬ್ಬ ಬೆನ್ನ ಮೇಲೆ ಇಬ್ಬರನ್ನು ಹೊತ್ತುಕೊಂಡೇ ಚೆಂಡಿನೊಂದಿಗೆ ಗೆರೆಯಾಚೆ ಬಿದ್ದ; ನಾಲ್ಕಂಕ ಬಂದು ಸಮವಾಯಿತು. ಅದರ ಮೇಲೆ ಸಿಗುವ ಒದೆತವೂ ಗುರಿ ಮುಟ್ಟಿ, ಎರಡಂಕದ ಗೆಲುವು. ಮೊನ್ನೆ ಉಗಿದ ಜನವೇ ಕೀತ್, ಕೀತ್ ಎಂದು ಕೂಗಿತು. ಆ ಕೂಗು ನಿಲ್ಲುವ ಮೊದಲೇ ಲಂಬ್ ಒಗೆಯುವ ಕೋಣೆಗೆ ಬಂದು, ಹಳೆಯ ಅಕ್ಷರವೇ ಇರಲಿ ಎಂದು ಚೀಟಿ ಹರಿದ.

ಮೇವಿಸ್ ಕೆ.ಹೆಚ್. ಮತ್ತೆ ಹೊಲಿದು ದಾರ ಕಡಿಯುವಾಗ ಕೀತ್ ಬಂದ. ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದ.

“ದಾರ ಸಡಿಲ ಆಗಿತ್ತು, ಅದಕ್ಕೇ…” ಅಂದಳು.

“ಗುರುವಾರ ಆಟಗಾರರ ಕೋಣೆ ಗೂಟದ ಮೇಲೆ ಕೋಟು ಇರ್ಲಿಲ್ಲ ಅಕ್ಕಾ. ಗೂಟ ಖಾಲಿ ಆದ್ರೆ ಏನು ಅಂತ ಇಲ್ಲಿ ಆಡಿದ ಎಲ್ರಿಗೂ ಗೊತ್ತು. ಹುಡುಗ್ರು ಇವತ್ತು ಹಾಗೆ ಆಡಿದ್ದೇ ಅದಕ್ಕೆ.”

“ಗೊತ್ತಿದ್ದೂ ಶುಕ್ರವಾರ ಯಾಕೋ ಕೇಳ್ದೆ?”

“ನೀನಾಗೇ ಹೇಳ್ಲಿ ಅಂತ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಮೇಲಿನ ಮಹಡಿಯಲ್ಲಿ ಪತ್ರಿಕೆಯವರು ಕಾಯುತ್ತಿದ್ದರು. ಕೋಟು ತೊಟ್ಟು ಕತ್ತಿನವರೆಗೂ ಜಿಪ್ ಎಳೆದುಕೊಂಡ. ಶುಕ್ರವಾರ ಬರ್ತೀಯಲ್ವಾ ಎಂದು ಅವಳು ಕೇಳಿದ್ದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

“ಬರ್ತೀನಿ,” ಅಂದ ಬಾಗಿಲಲ್ಲಿ ನಿಂತು. “ಮುಂದಿನ ಸಲ ಮಾತ್ರ ಹೇಳ್ಬಿಡು.”

ಮುಂದಿನ ಸಲ ಬಂದೇ ಬರುತ್ತದೆಂಬುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ. ಮೇವಿಸ್ ಹೂಂ ಅಂದಳು.