ಹಸಿರಿಗೆ ತಿರುಗಿದ ಸೊಪ್ಪು

ಅಕ್ಕನ ತೋಟದ ಸೊಪ್ಪು ಯಾಕೆ ಹಳದಿಯಾಗುತ್ತಿದೆ ಎಂದು ಕಂಡುಹಿಡಿಯಲು, ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಹದಿನಾರು ವರ್ಷ ಸವೆಸಿದ ತಂಗಿಗೆ ಎರಡು ದಿನ ಸಾಕಾಯಿತು. ಕಾಲುವೆಯ ಮೇಲ್ಗಡೆ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯಿತ್ತು. ಅದರ ಕ್ಯಾಡ್ಮಿಯಂ ಎಂಬ ವಿಷಲೋಹ ನೀರಿನ ಜೊತೆ ಮಣ್ಣಿಗಿಳಿದಿತ್ತು.

ಮರದ ತೊಗಟೆಯ ಸತ್ವ ಕೊಟ್ಟರೆ ಗಿಡ ಇಂಥ ಹೊಡೆತ ತಾಳಿಕೊಳ್ಳುತ್ತದೆ ಎಂದು ತಂಗಿ ಓದಿದ್ದಳು. ಭಾನುವಾರಗಳಲ್ಲಿ ಅಕ್ಕನ ಅಡುಗೆಮನೆಯಲ್ಲೇ ತೊಗಟೆ ಕುದಿಸಿ, ಸೋಸಿ, ಇಬ್ಬರೂ ಎಲೆಗಳಿಗೆ ಸಿಂಪಡಿಸಿದರು. ಮನೆಯೆಲ್ಲ ಕಹಿ ಘಾಟು.

"ನಿನ್ನ ಕಷಾಯ ಗಿಡಕ್ಕೆ ಹಿಡಿಸುತ್ತೋ ಇಲ್ವೋ, ನಿಮ್ಮ ಭಾವ ಮಾತ್ರ ಭಾನುವಾರ ಮನೇಲಿ ನಿಲ್ತಿಲ್ಲ" ಎಂದು ಅಕ್ಕ ನಕ್ಕಳು.

ಮೂರನೇ ವಾರಕ್ಕೆ ಕೈಯಗಲದ ಎಲೆಗಳು, ಕಡುಹಸಿರು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಂಗಿ ಒಂದು ಕಟ್ಟು ಲ್ಯಾಬಿಗೆ ಒಯ್ದು, ಒಣಗಿಸಿ, ಆಸಿಡ್‌ನಲ್ಲಿ ಕರಗಿಸಿ ಯಂತ್ರಕ್ಕೆ ಕೊಟ್ಟಳು. ಬಂದ ಅಂಕಿ ನಂಬದೆ ಮತ್ತೆ ಕೊಟ್ಟಳು. ಮತ್ತೆರಡು ಸಲ ನೋಡಿದರೂ ಅದೇ. ಗಿಡವೇನೋ ಚೇತರಿಸಿಕೊಂಡಿತ್ತು, ಲೋಹ ಮಾತ್ರ ಎಲೆಯಲ್ಲೇ ಕೂತಿತ್ತು, ತಿನ್ನಬಹುದಾದ ಮಿತಿಗಿಂತ ಆರು ಪಟ್ಟು. ಮೊದಲಾದರೆ ಹಳದಿ ಎಲೆ ನೋಡಿ ಜನ ಮುಖ ತಿರುಗಿಸಿ ಹೋಗುತ್ತಿದ್ದರು. ಈಗ ಯಾರಿಗೆ ಗೊತ್ತಾಗಬೇಕು?

"ಎಲ್ಲಾ ಕಿತ್ತುಹಾಕಕ್ಕ. ಒಂದೆಲೆನೂ ಯಾರೂ ತಿನ್ನಬಾರದು."

ಅಕ್ಕ ಕಾಲುವೆಯ ಕಡೆ ನೋಡಿದಳು. "ಕಾಲುವೆ ಉದ್ದಕ್ಕೂ ಎಲ್ಲರಿಗೂ ಈ ಕಷಾಯ ಕೊಟ್ಟಿದೀನಲ್ಲೇ! ನಾನೇ ಕುದಿಸಿ, ಬಾಟ್ಲಿಗೆ ತುಂಬಿಸಿ..."

ಇಬ್ಬರೂ ತೋಟದಿಂದ ತೋಟಕ್ಕೆ ಅಲೆದರು. ಪಕ್ಕದ ತೋಟದ ಮುದುಕ ಎಲೆಯೊಂದನ್ನು ಬೆಳಕಿಗೆ ಹಿಡಿದ. "ಇಷ್ಟು ಚೆನ್ನಾಗಿರೋ ಸೊಪ್ಪಲ್ಲಿ ವಿಷಾನಾ? ಮದ್ದು ಕೊಟ್ಟೋರೇ ಬೇಡ ಅಂದ್ರೆ ಹೇಗಮ್ಮಾ?" ಉಳಿದವರು ಸೊಪ್ಪಿನ ಕಟ್ಟು ಕಟ್ಟುತ್ತಲೇ ಇದ್ದರು.

ತಂಗಿ ವರದಿ, ಸೊಪ್ಪಿನ ಫೋಟೋ ಹಿಡಿದು ಕೃಷಿ ಕಚೇರಿಗೆ ಹೋದಳು. ಅಧಿಕಾರಿ ಅಂಕಿಗಳನ್ನು ಬಿಟ್ಟು ಫೋಟೋ ನೋಡಿದ. "ಬೆಳೆ ಸೊಗಸಾಗಿದೆಯಲ್ಲಾ ಮೇಡಂ, ರೋಗ ಎಲ್ಲಿದೆ?" ಅವಳು ಮತ್ತೆ ಮೊದಲಿಂದ ವಿವರಿಸಿದಳು. ಅವನು ತಲೆಯಾಡಿಸಿ, ಅರ್ಜಿ ಬರೆದುಕೊಟ್ಟು ಹೋಗಿ ಎಂದ.

ಹಿಂತಿರುಗುವಷ್ಟರಲ್ಲಿ ಅಕ್ಕ ತನ್ನ ತೋಟವನ್ನೆಲ್ಲ ಒಬ್ಬಳೇ ಕಿತ್ತು, ರಾಶಿಯ ಮೇಲೆ ಟಾರ್ಪಾಲು ಹೊದಿಸಿ ಅದರ ಮೇಲೇ ಕೂತಿದ್ದಳು. ಬೇಲಿಯಾಚೆ ಬಸುರಿ ಹೆಂಗಸೊಬ್ಬಳು ನಿಂತಿದ್ದಳು.

"ಬಿಸಾಡೋದಾದ್ರೆ ನಂಗಾದ್ರೂ ಒಂದು ಹಿಡಿ ಕೊಡ್ರಕ್ಕಾ."

"ಇದು ಬೇಡಮ್ಮ, ಒಳ್ಳೇದಲ್ಲ" ಎಂದಳು ಅಕ್ಕ.

ಹೆಂಗಸು ಮುನಿಸಿಕೊಂಡು ಮುದುಕನ ತೋಟದ ಕಡೆ ನಡೆದಳು. ತಂಗಿ ಎರಡು ಸಲ ಕೂಗಿದಳು. ಹೆಂಗಸು ತಿರುಗಿ ನೋಡಲಿಲ್ಲ.